ಒಂದೇ ಡೋಸಿನ ಮಲೇರಿಯಾ ಮಾತ್ರೆ ಬಂದಿದೆ, ಆದರೂ ಮೊದಲು ರಕ್ತ ಪರೀಕ್ಷೆ ಯಾಕೆ?

ಮಲೇರಿಯಾಕ್ಕೆ ಇನ್ನು 14 ದಿನ ಮಾತ್ರೆ ನುಂಗಬೇಕಿಲ್ಲ, ಒಂದು ಸಲ ತಗೊಂಡರೆ ಸಾಕು ಅನ್ನೋ ಸುದ್ದಿ ನಿಮ್ಮ ಫೋನಿಗೂ ಬಂದಿರಬಹುದು. ಸುದ್ದಿ ಸುಳ್ಳಲ್ಲ. 2024ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟಾಫೆನೋಕ್ವಿನ್ ಎಂಬ ಔಷಧಿಯನ್ನು ವೈವ್ಯಾಕ್ಸ್ ಮಲೇರಿಯಾದ ಚಿಕಿತ್ಸೆಗೆ ಶಿಫಾರಸು ಮಾಡಿತು. ಆದರೆ ಷರತ್ತುಗಳನ್ನೂ ಹಾಕಿತು. ಜಿ6ಪಿಡಿ ಎಂಬ ಕಿಣ್ವ ರೋಗಿಯ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯದೆ ಈ ಮಾತ್ರೆ ಕೊಡಬಾರದು. ಮತ್ತೆ, ಸದ್ಯಕ್ಕೆ ಈ ಶಿಫಾರಸು ದಕ್ಷಿಣ ಅಮೆರಿಕಕ್ಕೆ ಮಾತ್ರ, ಅದೂ ಕ್ಲೋರೋಕ್ವಿನ್ ಎಂಬ ಹಳೆಯ ಮಲೇರಿಯಾ ಔಷಧಿಯ ಜೊತೆ ಕೊಡುವಾಗ ಮಾತ್ರ.

ಇಲ್ಲಿಂದ ಗೊಂದಲ ಶುರು. ಅಲ್ಲಿ ಒಳ್ಳೆಯದಾದ ಔಷಧಿ ಇಲ್ಲಿ ಯಾಕೆ ಬೇಡ? ಜ್ವರದ ಮಾತ್ರೆಗೂ ಯಾವುದೋ ಕಿಣ್ವಕ್ಕೂ ಏನು ಸಂಬಂಧ? ಉತ್ತರ ಇರುವುದು ಕೆಂಪು ರಕ್ತಕಣದ ಒಳಗೆ. ಅದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಲಿವರ್‌ನಲ್ಲಿ ಅಡಗಿ ಕೂರುವ ಮಲೇರಿಯಾ

ನಮ್ಮಲ್ಲಿ ಮುಖ್ಯವಾಗಿ ಕಾಣುವ ಮಲೇರಿಯಾ ಎರಡು ತರ, ಫಾಲ್ಸಿಪ್ಯಾರಮ್ ಮತ್ತು ವೈವ್ಯಾಕ್ಸ್. ಫಾಲ್ಸಿಪ್ಯಾರಮ್ ಜೀವಕ್ಕೆ ಜಾಸ್ತಿ ಅಪಾಯಕಾರಿ, ಆದರೆ ರಕ್ತದಲ್ಲಿರುವ ಪರಾವಲಂಬಿಯನ್ನು ಪೂರ್ತಿ ಕೊಂದರೆ ಆ ಸೋಂಕು ಅಲ್ಲಿಗೆ ಮುಗಿಯಿತು. ವೈವ್ಯಾಕ್ಸ್ ಹಾಗಲ್ಲ. ಸೊಳ್ಳೆ ಕಚ್ಚಿದಾಗ ಒಳಗೆ ಹೋದ ಪರಾವಲಂಬಿಗಳಲ್ಲಿ ಕೆಲವು ಲಿವರ್‌ನಲ್ಲೇ ನಿದ್ದೆ ಹೋಗುತ್ತವೆ. ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುವ ಕ್ಲೋರೋಕ್ವಿನ್ ತಗೊಂಡು ಜ್ವರ ಬಿಟ್ಟಿತು, ಮನುಷ್ಯ ಕೆಲಸಕ್ಕೆ ಹೋದ ಅಂತ ಇಟ್ಟುಕೊಳ್ಳಿ. ಕೆಲವು ವಾರವೋ ಕೆಲವು ತಿಂಗಳೋ ಕಳೆದ ಮೇಲೆ, ಹೊಸದಾಗಿ ಸೊಳ್ಳೆ ಕಚ್ಚದೇ ಇದ್ದರೂ, ಅದೇ ಸೋಂಕು ಮತ್ತೆ ಎದ್ದು ಬರುತ್ತದೆ. ಆಗ ಅವನನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ಹರಡುತ್ತದೆ.

ಲಿವರ್‌ನಲ್ಲಿ ಮಲಗಿರುವ ಈ ರೂಪವನ್ನು ಕೊಲ್ಲಲು ಇವತ್ತು ಬಳಕೆಯಲ್ಲಿರುವುದು ಒಂದೇ ಕುಟುಂಬದ ಎರಡು ಔಷಧಿ. ಒಂದು ಪ್ರೈಮಾಕ್ವಿನ್, ಅಮೆರಿಕದಲ್ಲಿ 1952ರಲ್ಲಿ ಒಪ್ಪಿಗೆ ಪಡೆದದ್ದು. ಇನ್ನೊಂದು ಟಾಫೆನೋಕ್ವಿನ್, ಅಲ್ಲಿಯೇ 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವೈವ್ಯಾಕ್ಸ್‌ಗೆ 3 ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ.

ಕಷ್ಟ ಇರುವುದು ಆ 14 ದಿನದಲ್ಲಿ. ಮೂರನೇ ದಿನಕ್ಕೆ ಜ್ವರ ಹೋಗಿರುತ್ತದೆ, ಆಮೇಲೆ ಯಾರು ಮಾತ್ರೆ ನುಂಗುತ್ತಾರೆ? ಮಂಗಳೂರನ್ನೇ ನೋಡಿ. ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ನಿಂತ ನೀರು, ತಾರಸಿಯ ಟ್ಯಾಂಕು, ಅದರಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸೊಳ್ಳೆ, ಜೊತೆಗೆ ಕೆಲಸ ಹುಡುಕಿಕೊಂಡು ಬೇರೆ ಬೇರೆ ರಾಜ್ಯಗಳಿಂದ ಬಂದವರು. 1990ರ ದಶಕದಿಂದ ಅಲ್ಲಿ ಮಲೇರಿಯಾ ಬೇರೂರಲು ಇವೆಲ್ಲ ಸೇರಿಕೊಂಡವು, ಮತ್ತು ಅಲ್ಲಿನ ಹೆಚ್ಚಿನ ಪ್ರಕರಣಗಳು ವೈವ್ಯಾಕ್ಸ್. ಒಂದು ಸೈಟಿನ ಕೆಲಸ ಮುಗಿದ ಕೂಡಲೇ ಇನ್ನೊಂದು ಊರಿಗೆ ಹೊರಡುವ ಮನುಷ್ಯ ಎರಡು ವಾರ ತಪ್ಪದೆ ಮಾತ್ರೆ ನುಂಗಿದನಾ ಅಂತ ನೋಡಿಕೊಳ್ಳುವುದು ಯಾವ ಆರೋಗ್ಯ ಕಾರ್ಯಕರ್ತೆಗೂ ಸುಲಭವಲ್ಲ. ಹಾಗಾಗಿ ಎದುರಿಗೇ ನಿಂತು ಒಂದೇ ಸಲಕ್ಕೆ ನುಂಗಿಸಿ ಕಳಿಸುವ ಮಾತ್ರೆ ಅಂದರೆ ಎಲ್ಲರಿಗೂ ಆಸೆ ಹುಟ್ಟುವುದು ಸಹಜ.

ಕಿಣ್ವ ಇಲ್ಲಿ ಮಾಡುವ ಕೆಲಸ ಏನು

ನಮ್ಮ ರಕ್ತದ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಮೈಟೋಕಾಂಡ್ರಿಯಾ ಕೂಡ ಇಲ್ಲ. ಆಮ್ಲಜನಕ ಹೊರುವುದೇ ಅದರ ಕೆಲಸ, ಅದಕ್ಕೆ ಬೇಕಾದಷ್ಟು ಹಿಮೋಗ್ಲೋಬಿನ್ ತುಂಬಿಕೊಂಡು ಉಳಿದದ್ದನ್ನೆಲ್ಲ ಬಿಟ್ಟು ಬಂದಿರುತ್ತದೆ. ಅದು ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಹೊಸ ಕಿಣ್ವ ತಯಾರಿಸಿಕೊಳ್ಳಲು ಅದಕ್ಕೆ ಆಗಲ್ಲ. ದೂರದ ದಾರಿಗೆ ಬುತ್ತಿ ಕಟ್ಟಿಕೊಂಡು ಹೊರಟವರ ಹಾಗೆ, ಹೊರಡುವಾಗ ಇದ್ದದ್ದರಲ್ಲೇ ಕೊನೆಯವರೆಗೆ ಸಾಗಿಸಬೇಕು.

ಆಮ್ಲಜನಕದ ನಡುವೆಯೇ ಬದುಕುವ ಈ ಕಣದಲ್ಲಿ ಹಾನಿ ಮಾಡುವ ಆಕ್ಸಿಡೀಕರಣ ಸದಾ ನಡೆಯುತ್ತಿರುತ್ತದೆ. ಅದನ್ನು ತಡೆಯುವುದು ಗ್ಲುಟಾಥಿಯೋನ್ ಎಂಬ ಚಿಕ್ಕ ಅಣು. ಆದರೆ ಒಂದು ಸಲ ಕೆಲಸ ಮಾಡಿದ ಗ್ಲುಟಾಥಿಯೋನ್ ಮತ್ತೆ ಬಳಕೆಗೆ ಬರಬೇಕಾದರೆ ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು. ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ಮಾಡಿಕೊಳ್ಳಲು ನಾಲ್ಕಾರು ದಾರಿಗಳಿವೆ. ಕೆಂಪು ಕಣಕ್ಕೆ ಇರುವುದು ಒಂದೇ ದಾರಿ. ಗ್ಲೂಕೋಸ್‌ನಿಂದ ಶುರುವಾಗುವ ಆ ದಾರಿಯ ಬಾಗಿಲು ತೆರೆಯುವ ಕಿಣ್ವವೇ ಜಿ6ಪಿಡಿ.

ಈ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರು ಪ್ರಪಂಚದಲ್ಲಿ ಸುಮಾರು 40 ಕೋಟಿ ಜನ ಇದ್ದಾರೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅವರಲ್ಲಿ ಬಹುಪಾಲು ಜನರಿಗೆ ಜೀವಮಾನವಿಡೀ ಏನೂ ತೊಂದರೆ ಆಗಲ್ಲ, ತಮಗೆ ಹೀಗಿದೆ ಅಂತ ಗೊತ್ತೂ ಇರಲ್ಲ. ಇರುವ ಅಷ್ಟಿಷ್ಟು ಕಿಣ್ವವೇ ದಿನನಿತ್ಯಕ್ಕೆ ಸಾಕಾಗುತ್ತದೆ. ಆದರೆ ಪ್ರೈಮಾಕ್ವಿನ್ ಕುಟುಂಬದ ಔಷಧಿ ಒಳಗೆ ಹೋದಾಗ ಆಕ್ಸಿಡೀಕರಣದ ಒತ್ತಡ ಒಮ್ಮೆಗೇ ಏರುತ್ತದೆ, ಗ್ಲುಟಾಥಿಯೋನ್ ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಹಾಳಾಗಿ ಗಟ್ಟಿಯಾಗುತ್ತದೆ, ಕಣದ ಪೊರೆ ಒಡೆಯುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಸುಸ್ತು, ಏದುಸಿರು. ತೀವ್ರವಾದರೆ ರಕ್ತ ಕೊಡಬೇಕಾಗುತ್ತದೆ, ಕೆಲವರಿಗೆ ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಕೈದಿಗಳ ರಕ್ತದಲ್ಲಿ ಸಿಕ್ಕ ಉತ್ತರ

ಈ ಸಂಗತಿ ಹೊರಬಂದ ರೀತಿ ನೆಮ್ಮದಿ ಕೊಡುವಂಥದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಿನಿಂದ ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ ಕೈದಿಗಳಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ಔಷಧಿಗಳನ್ನು ಪರೀಕ್ಷಿಸುತ್ತಿದ್ದರು. ಒಪ್ಪಿಗೆ ಪಡೆದಿದ್ದೆವು ಅಂತ ದಾಖಲೆ ಹೇಳುತ್ತದೆ. ಆದರೆ ಕಂಬಿ ಹಿಂದೆ ಇರುವವರ ಒಪ್ಪಿಗೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಆಮೇಲೆ ಎದ್ದಿತು, ಏಳಲೇಬೇಕಿತ್ತು.

ಪ್ರೈಮಾಕ್ವಿನ್ ಕೊಟ್ಟಾಗ ಕೆಲವರಿಗೆ, ಅದರಲ್ಲೂ ಕಪ್ಪು ಜನಾಂಗದ ಕೆಲವರಿಗೆ, ರಕ್ತಕಣ ಒಡೆಯುತ್ತಿತ್ತು. ಹಾಗೆ ಆದ ವ್ಯಕ್ತಿಯ ಕೆಂಪು ಕಣಗಳಿಗೆ ವಿಕಿರಣಶೀಲ ಕ್ರೋಮಿಯಂ ಗುರುತು ಹಾಕಿ, ತೊಂದರೆ ಇಲ್ಲದ ಇನ್ನೊಬ್ಬರಿಗೆ ಕೊಟ್ಟು, ಆಮೇಲೆ ಅವರಿಗೆ ಪ್ರೈಮಾಕ್ವಿನ್ ಕೊಟ್ಟರು. ಗುರುತು ಹಾಕಿದ ಕಣಗಳು ಒಡೆದವು, ಅವರ ಸ್ವಂತ ಕಣಗಳಿಗೆ ಏನೂ ಆಗಲಿಲ್ಲ. ಅಂದರೆ ದೋಷ ಆ ಕಣದ ಒಳಗೇ ಇದೆ. ಹಳೆಯ ಕಣಗಳು ಮೊದಲು ಒಡೆಯುತ್ತವೆ, ಹೊಸವು ತಡೆದುಕೊಳ್ಳುತ್ತವೆ ಎಂಬುದೂ ಇಂಥ ಪ್ರಯೋಗಗಳಲ್ಲೇ ಗೊತ್ತಾಯಿತು. ವಯಸ್ಸಾದಂತೆ ಕಣದಲ್ಲಿ ಕಿಣ್ವ ಸವೆಯುತ್ತದೆ, ಹೊಸ ಕಣದಲ್ಲಿ ಇನ್ನೂ ಉಳಿದಿರುತ್ತದೆ, ಅಷ್ಟೇ. ಕೊನೆಗೆ 1956ರಲ್ಲಿ ಕೊರತೆ ಇರುವುದು ಜಿ6ಪಿಡಿಯದು ಎಂದು ಖಚಿತವಾಯಿತು.

ಎಲ್ಲರ ಕೊರತೆಯೂ ಒಂದೇ ಅಲ್ಲ

ಈ ಕಿಣ್ವದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಸರಿಗೆ ಎಕ್ಸ್ ಒಂದೇ, ಆದ್ದರಿಂದ ಜೀನ್ ಕೆಟ್ಟಿದ್ದರೆ ಕೊರತೆ ನೇರವಾಗಿ ಕಾಣುತ್ತದೆ. ಜೀನಿನಲ್ಲಿ ಯಾವ ಬದಲಾವಣೆ ಆಗಿದೆ ಎಂಬುದರ ಮೇಲೆ ತೀವ್ರತೆ ನಿಂತಿದೆ. ಆಫ್ರಿಕಾ ಮೂಲದವರಲ್ಲಿ ಸಾಮಾನ್ಯವಾದ ಬಗೆ ಸ್ವಲ್ಪ ಸೌಮ್ಯ, ಹಳೆಯ ಕಣಗಳು ಹೋದ ಮೇಲೆ ಒಡೆಯುವುದು ಕಡಿಮೆಯಾಗುತ್ತದೆ. ಮೆಡಿಟರೇನಿಯನ್ ಬಗೆ ಹಾಗಲ್ಲ, ಹೊಸ ಕಣಗಳಿಗೂ ರಕ್ಷಣೆ ಸಾಲದು. ಭಾರತದಲ್ಲಿ ಹೆಚ್ಚಾಗಿ ಕಂಡದ್ದು ಮೆಡಿಟರೇನಿಯನ್, ಕೇರಳ-ಕಲ್ಯಾಣ್ ಮತ್ತು ಒಡಿಶಾ ಎಂಬ ಹೆಸರಿನ ಮೂರು ಬಗೆಗಳು. ಒಂದು ಸಮುದಾಯದಲ್ಲಿ ಅಪರೂಪ, ಪಕ್ಕದ ಇನ್ನೊಂದು ಸಮುದಾಯದಲ್ಲಿ ಸಾಮಾನ್ಯ. ಹಾಗಾಗಿ ದೇಶಕ್ಕೆಲ್ಲ ಸೇರಿಸಿ ಒಂದು ಸರಾಸರಿ ಶೇಕಡಾವಾರು ಹೇಳುವುದರಿಂದ ಜಾಸ್ತಿ ಪ್ರಯೋಜನ ಇಲ್ಲ.

ಮಲೇರಿಯಾ ಹಿಂದಿನಿಂದಲೂ ಇದ್ದ ನಾಡುಗಳಲ್ಲೇ ಈ ಕೊರತೆ ಜಾಸ್ತಿ. ಕೊರತೆ ಇರುವವರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ, ಅದಕ್ಕೇ ಈ ಜೀನ್ ತಲೆಮಾರುಗಳ ಕಾಲ ಉಳಿದು ಬಂತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಅದರ ಪರಿಣಾಮ ಮಾತ್ರ ಕ್ರೂರ. ಈ ಔಷಧಿ ಯಾವ ಊರುಗಳಿಗೆ ಅತಿ ಹೆಚ್ಚು ಬೇಕೋ ಅದರಿಂದ ಪೆಟ್ಟು ತಿನ್ನುವವರೂ ಆ ಊರುಗಳಲ್ಲೇ ಹೆಚ್ಚು.

6 ಗಂಟೆ, 15 ದಿನ

ಇಡೀ ವಿವಾದದ ತಿರುಳು ಈ ಎರಡು ಸಂಖ್ಯೆಗಳಲ್ಲಿದೆ.

ಪ್ರೈಮಾಕ್ವಿನ್‌ನ ಅರ್ಧಾಯುಷ್ಯ ಸುಮಾರು 6 ಗಂಟೆ. ಅಂದರೆ ಅಷ್ಟು ಹೊತ್ತಿಗೆ ರಕ್ತದಲ್ಲಿದ್ದದ್ದು ಅರ್ಧಕ್ಕೆ ಇಳಿಯುತ್ತದೆ, ಮರುದಿನಕ್ಕೆ ಬಹುತೇಕ ಹೋಗಿರುತ್ತದೆ. ಅದಕ್ಕೇ 14 ದಿನ ಕೊಡಬೇಕು. ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಎರಡನೇ ದಿನವೋ ಮೂರನೇ ದಿನವೋ ಮೂತ್ರದ ಬಣ್ಣ ಬದಲಾಯಿತು ಅಂದರೆ ಮಾತ್ರೆ ನಿಲ್ಲಿಸಬಹುದು. ಹಾನಿ ಅಲ್ಲಿಗೆ ತಗ್ಗುತ್ತದೆ. ಮೂತ್ರ ಕಪ್ಪಾದರೆ ಅಥವಾ ತುಟಿ ನೀಲಿಯಾದರೆ ಮಾತ್ರೆ ನಿಲ್ಲಿಸಿ ಬನ್ನಿ ಅಂತ ರೋಗಿಗೆ ಹೇಳಿ ಕಳಿಸಬೇಕು ಎಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಈ ಲೆಕ್ಕದ ಮೇಲೆಯೇ.

ಟಾಫೆನೋಕ್ವಿನ್‌ನ ಅರ್ಧಾಯುಷ್ಯ ಸುಮಾರು 15 ದಿನ. ಒಂದೇ ಡೋಸ್ ಸಾಕಾಗುವುದು ಇದರಿಂದಲೇ, ಲಿವರ್‌ನಲ್ಲಿರುವ ಪರಾವಲಂಬಿಯನ್ನು ಅದು ವಾರಗಟ್ಟಲೆ ಬಿಡುವುದಿಲ್ಲ. ಆದರೆ ಕಿಣ್ವದ ಕೊರತೆ ಇರುವವರು ನುಂಗಿಬಿಟ್ಟರೆ? ನಿಲ್ಲಿಸಲು ಏನೂ ಉಳಿದಿಲ್ಲ. ಔಷಧಿ ಒಳಗಿದೆ, ಇನ್ನೂ ವಾರಗಟ್ಟಲೆ ಇರುತ್ತದೆ. ಪ್ರೈಮಾಕ್ವಿನ್‌ನಲ್ಲಿ ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯ ಇಲ್ಲಿ ಸಿಗಲ್ಲ. ಹಾಗಾಗಿ ಪರೀಕ್ಷೆ ಮೊದಲೇ ಆಗಬೇಕು, ಮತ್ತು ಕಿಣ್ವದ ಚಟುವಟಿಕೆ ಸಾಮಾನ್ಯ ಮಟ್ಟದ ಶೇ. 70ಕ್ಕಿಂತ ಕೆಳಗಿದ್ದರೆ ಕೊಡಬಾರದು.

ಒಂದು ಡೋಸ್ ಅಂದರೆ ಕೆಲಸ ಕಡಿಮೆ ಅಂತ ಸುಮ್ನೆ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೇವೆ. ನುಂಗಿದ ಮೇಲೆ 14 ದಿನ ಮಾಡಬೇಕಿದ್ದ ನಿಗಾ ಈಗ ನುಂಗುವ ಮುಂಚಿನ ಕೆಲವು ನಿಮಿಷಕ್ಕೆ ಬಂದು ಕೂತಿದೆ. ಆ ಕೆಲವು ನಿಮಿಷ ಸರಿಯಾಗಿ ನಡೆಯಲೇಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಪರೀಕ್ಷೆ ಮೋಸ ಹೋಗುವುದು ಹೇಗೆ

ಹೆಂಗಸರಿಗೆ ಎಕ್ಸ್ ಕ್ರೋಮೋಸೋಮ್ ಎರಡು. ಪ್ರತಿ ಜೀವಕೋಶದಲ್ಲೂ ಅವುಗಳಲ್ಲಿ ಒಂದು ಮೌನವಾಗುತ್ತದೆ, ಯಾವುದು ಎಂಬುದು ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಯಾದೃಚ್ಛಿಕವಾಗಿ ತೀರ್ಮಾನವಾಗುತ್ತದೆ. ಒಂದು ಜೀನ್ ಸರಿ, ಇನ್ನೊಂದು ಕೆಟ್ಟದ್ದು ಇರುವ ಹೆಣ್ಣುಮಗಳ ರಕ್ತದಲ್ಲಿ ಆದ್ದರಿಂದ ಎರಡು ಬಗೆಯ ಕಣಗಳು ಬೆರೆತಿರುತ್ತವೆ. ಕೆಲವಕ್ಕೆ ಪೂರ್ತಿ ಕಿಣ್ವ, ಕೆಲವಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪರೀಕ್ಷೆಯಲ್ಲಿ ಅವರ ಸರಾಸರಿ ಶೇ. 50 ಬಂತು ಎಂದುಕೊಳ್ಳಿ. ಪ್ರತಿ ಕಣದಲ್ಲೂ ಅರ್ಧ ಕಿಣ್ವ ಇದೆ ಅಂತ ಅಲ್ಲ, ಹೆಚ್ಚು ಕಡಿಮೆ ಅರ್ಧದಷ್ಟು ಕಣಗಳು ರಕ್ಷಣೆ ಇಲ್ಲದೆ ನಿಂತಿವೆ ಅಂತ ಅರ್ಥ. ಔಷಧಿ ಹೋದರೆ ಆ ಅರ್ಧ ಒಡೆಯಬಹುದು.

ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಅಗ್ಗದ ಪರೀಕ್ಷೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಅದು ನೆಚ್ಚಿಕೊಳ್ಳುವ ಹಾಗೆ ಹಿಡಿಯುವುದು ಸುಮಾರು ಶೇ. 30ಕ್ಕಿಂತ ಕೆಳಗಿನವರನ್ನು. ಗಂಡಸರಿಗೆ ಅದು ಬಹುತೇಕ ಸಾಕು. ಶೇ. 30ರಿಂದ 70ರ ನಡುವೆ ಬರುವ ಹೆಂಗಸರಿಗೆ ಅದೇ ಪರೀಕ್ಷೆ "ನೀವು ನಾರ್ಮಲ್" ಎಂದು ಹೇಳಿ ಕಳಿಸಬಹುದು. ಟಾಫೆನೋಕ್ವಿನ್‌ಗೆ ಅಂಕಿ ಕೊಡುವ ಪರೀಕ್ಷೆಯೇ ಬೇಕು ಅನ್ನುವುದು ಇದಕ್ಕೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿ ಕೆಲವೇ ನಿಮಿಷಕ್ಕೆ ಕಿಣ್ವವನ್ನೂ ಹಿಮೋಗ್ಲೋಬಿನ್ ಅನ್ನೂ ಅಳೆಯುವ ಕೊರಿಯಾದ ಎಸ್‌ಡಿ ಬಯೋಸೆನ್ಸರ್ ಕಂಪನಿಯ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಗುಣಮಟ್ಟದ ಒಪ್ಪಿಗೆ ಕೊಟ್ಟಿತು. ಈ ಸುದ್ದಿ ಮಾತ್ರೆಯ ಸುದ್ದಿಯಷ್ಟು ಓಡಾಡಲಿಲ್ಲ. ನನ್ನ ಪ್ರಕಾರ ಎರಡರಲ್ಲಿ ಇದೇ ದೊಡ್ಡದು.

ಇನ್ನೊಂದು ವಿಷಯ ವೈದ್ಯರಿಗೆ ಗೊತ್ತು, ರೋಗಿಗಳಿಗೆ ಗೊತ್ತಿರಲ್ಲ. ರಕ್ತಕಣ ಒಡೆಯುತ್ತಿರುವ ಹೊತ್ತಿನಲ್ಲೇ ಪರೀಕ್ಷೆ ಮಾಡಿದರೆ ಫಲಿತಾಂಶ ನಾರ್ಮಲ್ ಬರಬಹುದು. ಕಿಣ್ವ ಸವೆದ ಹಳೆಯ ಕಣಗಳು ಆಗಲೇ ಒಡೆದು ಹೋಗಿವೆ, ಯಂತ್ರಕ್ಕೆ ಸಿಗುವುದು ಕಿಣ್ವ ತುಂಬಿದ ಹೊಸ ಕಣಗಳು. ಅನುಮಾನ ಇದ್ದರೆ ಕೆಲವು ವಾರ ಅಥವಾ ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕು.

ವಾದ ಎಲ್ಲಿ ನಿಂತಿದೆ

ಒಂದು ಕಡೆಯವರು ಹೇಳುವುದು ಹೀಗೆ. ಎಷ್ಟೇ ಒಳ್ಳೆಯ ಔಷಧಿಯಾದರೂ ಜನ ನುಂಗದಿದ್ದರೆ ಕೆಲಸ ಮಾಡಲ್ಲ. ಅರ್ಧಕ್ಕೆ ಬಿಟ್ಟ ಪ್ರೈಮಾಕ್ವಿನ್‌ಗಿಂತ ಎದುರಿಗೇ ನುಂಗಿಸಿದ ಒಂದು ಡೋಸ್ ಮೇಲು. ಬ್ರೆಜಿಲ್ ಪರೀಕ್ಷೆಯನ್ನೂ ಮಾತ್ರೆಯನ್ನೂ ಜೋಡಿಯಾಗಿ ತನ್ನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ತಂದಿದೆ, ಹಾಗಾಗಿ ಇದು ಆಗದ ಕೆಲಸವಲ್ಲ.

ಇನ್ನೊಂದು ಕಡೆಯವರು ಅಂಕಿಗಳನ್ನು ಮುಂದಿಡುತ್ತಾರೆ. 2019ರಲ್ಲಿ ಪ್ರಕಟವಾದ ಮುಖ್ಯ ಪ್ರಯೋಗದಲ್ಲಿ 522 ರೋಗಿಗಳಿದ್ದರು. ಕ್ಲೋರೋಕ್ವಿನ್ ಜೊತೆ ಟಾಫೆನೋಕ್ವಿನ್ ತಗೊಂಡವರಲ್ಲಿ ಶೇ. 62.4ರಷ್ಟು ಜನಕ್ಕೆ 6 ತಿಂಗಳವರೆಗೆ ರೋಗ ಮರುಕಳಿಸಲಿಲ್ಲ. ಪ್ರೈಮಾಕ್ವಿನ್ ಗುಂಪಿನಲ್ಲಿ ಇದು ಶೇ. 69.6, ಎರಡೂ ಇಲ್ಲದ ಗುಂಪಿನಲ್ಲಿ ಶೇ. 27.7. ಔಷಧಿ ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ. ಆದರೆ ಪ್ರಯೋಗದ ರೋಗಿಗಳು 14 ದಿನವೂ ಮಾತ್ರೆ ತಪ್ಪಿಸದಂತೆ ನೋಡಿಕೊಂಡಿದ್ದರು, ಹಾಗೆ ನೋಡಿಕೊಂಡರೆ ಹಳೆಯ ಅಗ್ಗದ ಔಷಧಿ ಹಿಂದೆ ಬೀಳಲ್ಲ. ಜೊತೆಗೆ, 300 ಮಿಲಿಗ್ರಾಂ ಡೋಸ್ ಏಷ್ಯಾದ ರೋಗಿಗಳಿಗೆ ಸಾಲುತ್ತದಾ ಎಂಬ ಚರ್ಚೆ ಮುಗಿದಿಲ್ಲ. ಇಂಡೋನೇಷ್ಯಾದ ಸೈನಿಕರಲ್ಲಿ ಇದನ್ನು ಬೇರೆ ಮಲೇರಿಯಾ ಔಷಧಿಯ ಜೊತೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಫಲಿತಾಂಶ ನಿರಾಶೆ ತಂದಿತ್ತು. ಕ್ಲೋರೋಕ್ವಿನ್ ಜೊತೆಗೆ ಮಾತ್ರ, ದಕ್ಷಿಣ ಅಮೆರಿಕದಲ್ಲಿ ಮಾತ್ರ ಎಂಬ ಷರತ್ತಿನ ಹಿಂದೆ ಇಂಥ ಅನುಮಾನಗಳಿವೆ. ನಮ್ಮ ಮೇಲೆ ಯಾರೋ ತಾರತಮ್ಯ ಮಾಡಿದ್ದಾರೆ ಎಂಬ ಓದು ಸರಿಯಲ್ಲ.

ನಡುವಿನ ದಾರಿಯೂ ಒಂದಿದೆ. ಅದೇ ಪ್ರೈಮಾಕ್ವಿನ್ ಅನ್ನು ದಿನಕ್ಕೆ ಎರಡು ಪಟ್ಟು ಕೊಟ್ಟು 7 ದಿನದಲ್ಲಿ ಮುಗಿಸುವುದು. 14 ದಿನದ ಚಿಕಿತ್ಸೆಗಿಂತ ಇದು ಕಡಿಮೆಯೇನಲ್ಲ ಎಂದು 2019ರ ಇನ್ನೊಂದು ದೊಡ್ಡ ಪ್ರಯೋಗ ತೋರಿಸಿತು. ಆದರೆ ದಿನದ ಡೋಸ್ ಏರಿದರೆ ಕೊರತೆ ಇರುವವರಿಗೆ ಅಪಾಯವೂ ಏರುತ್ತದೆ. ಮತ್ತೆ ಅದೇ ಪರೀಕ್ಷೆ ಬೇಕಾಯಿತು, ಅಲ್ವಾ?

ಈ ಕಥೆಯಲ್ಲಿ ಎರಡನೇ ಕಿಣ್ವವೂ ಒಂದಿದೆ. ಪ್ರೈಮಾಕ್ವಿನ್ ನುಂಗಿದ ಹಾಗೇ ಕೆಲಸ ಮಾಡಲ್ಲ, ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಬದಲಾಯಿಸಿದ ಮೇಲೆಯೇ ಪರಾವಲಂಬಿಯನ್ನು ಕೊಲ್ಲುತ್ತದೆ. ಆ ಕಿಣ್ವ ಹುಟ್ಟಿನಿಂದ ಮಂದವಾಗಿರುವವರು 14 ದಿನ ಶಿಸ್ತಾಗಿ ನುಂಗಿದರೂ ಜ್ವರ ಮತ್ತೆ ಬರಬಹುದು ಎಂದು 2013ರಲ್ಲಿ ಗೊತ್ತಾಯಿತು. ಜ್ವರ ಮರುಕಳಿಸಿದ ಪ್ರತಿಯೊಬ್ಬರಿಗೂ "ನೀನು ಮಾತ್ರೆ ತಪ್ಪಿಸಿದ್ದೀಯ" ಎಂದು ಬೈಯುವುದು ಅನ್ಯಾಯ.

ಮನೆಯಲ್ಲಿ ಇದರಿಂದ ಏನು ಬದಲಾಗಬೇಕು

ಈ ಕೊರತೆ ಮಲೇರಿಯಾದವರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಕುಷ್ಠರೋಗದ ಚಿಕಿತ್ಸೆಯಲ್ಲಿ ಬಳಸುವ ಡ್ಯಾಪ್ಸೋನ್ ಕೂಡ ಇವರ ರಕ್ತಕಣ ಒಡೆಯಬಲ್ಲದು. ಕೊರತೆ ಇರುವ ನವಜಾತ ಶಿಶುಗಳಲ್ಲಿ ಕಾಮಾಲೆ ತೀವ್ರವಾಗುವ ಅಪಾಯ ಜಾಸ್ತಿ, ಅದನ್ನು ತಕ್ಷಣ ನೋಡದಿದ್ದರೆ ಮೆದುಳಿಗೆ ಹಾನಿಯಾಗಬಹುದು. ನಮ್ಮ ಮನೆಗಳಲ್ಲಿ ಹಳೆಯ ಹತ್ತಿ ಸೀರೆ, ಹೊದಿಕೆ ಎಲ್ಲ ನ್ಯಾಫ್ತಲೀನ್ ಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಇಟ್ಟು, ಮಗು ಹುಟ್ಟಿದಾಗ ಹೊರತೆಗೆದು ಅದರಲ್ಲೇ ಸುತ್ತುತ್ತೇವೆ. ಆ ಗುಳಿಗೆಯ ಆವಿ ಈ ಮಕ್ಕಳಿಗೆ ನಿಜವಾಗಿಯೂ ಅಪಾಯ. ಅಂಥ ಬಟ್ಟೆ ಬೇಡವೇ ಬೇಡ.

ಆಹಾರದ ವಿಷಯದಲ್ಲಿ ಮಾತ್ರ ಭಯ ಅತಿಯಾಗಿದೆ. ಈ ಕೊರತೆ ಇರುವವರು ಕಾಳುಗಳನ್ನೇ ಮುಟ್ಟಬಾರದು ಎಂಬ ಪಟ್ಟಿಗಳು ಓಡಾಡುತ್ತವೆ. ನಿಜವಾದ ಅಪರಾಧಿ ಉತ್ತರ ಭಾರತದಲ್ಲಿ ಬಾಕಲಾ ಎಂದು ತಿನ್ನುವ ಫಾವಾ ಕಾಳು. ಅದರಲ್ಲಿರುವ ವಿಸಿನ್ ಮತ್ತು ಕಾನ್‌ವಿಸಿನ್ ಎಂಬ ವಸ್ತುಗಳು ರಕ್ತಕಣ ಒಡೆಯುತ್ತವೆ. ನಮ್ಮ ಅವರೆ ಬೇರೆಯೇ ಗಿಡ. ಅವರೆಕಾಳು, ತೊಗರಿ, ಹೆಸರು, ಕಡಲೆ ಬಿಡಿಸಿ ಮಗುವಿನ ಊಟದಿಂದ ಪ್ರೋಟೀನ್ ಕಿತ್ತುಕೊಳ್ಳುವ ಮುಂಚೆ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ.

ಕಿಣ್ವವನ್ನೇ ಗಟ್ಟಿ ಮಾಡಲು ಆಗಲ್ವಾ? ಪ್ರಯತ್ನ ನಡೆದಿದೆ. ಜಿ6ಪಿಡಿ ಒಂಟಿಯಾಗಿ ಕೆಲಸ ಮಾಡಲ್ಲ, ಎರಡು ಅಥವಾ ನಾಲ್ಕು ತುಂಡುಗಳು ಜೋಡಿಕೊಂಡಾಗ ಮಾತ್ರ ಮಾಡುತ್ತದೆ. ಹಲವು ದೋಷಗಳಲ್ಲಿ ಸಡಿಲವಾಗುವುದು ಈ ಜೋಡಣೆಯೇ. ತುಂಡುಗಳನ್ನು ಜೋಡಿಸಿ ಹಿಡಿಯುವ ಎಜಿ1 ಎಂಬ ಅಣುವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾರಿಯಾ ಮೊಖ್ಲಿ-ರೋಸೆನ್ ಅವರ ತಂಡ 2018ರಲ್ಲಿ ವರದಿ ಮಾಡಿತು. ಜೀವಕೋಶಗಳಲ್ಲಿ, ಜೀಬ್ರಾಮೀನಿನಲ್ಲಿ ಪರಿಣಾಮ ಕಂಡಿತ್ತು. ಅಲ್ಲಿಂದ ಮನುಷ್ಯರ ಮಾತ್ರೆಯವರೆಗೆ ದಾರಿ ಉದ್ದ ಇದೆ.

ಭಾರತದ ಮುಂದಿರುವ ಆಯ್ಕೆ

2027ರೊಳಗೆ ಸ್ಥಳೀಯ ಸೋಂಕನ್ನು ಸೊನ್ನೆಗೆ ಇಳಿಸಿ 2030ಕ್ಕೆ ಮಲೇರಿಯಾ ಮುಕ್ತವಾಗುವುದು ದೇಶದ ಗುರಿ. ಪ್ರಕರಣಗಳು ಕಡಿಮೆಯಾದಷ್ಟೂ ಲಿವರ್‌ನಲ್ಲಿ ಅಡಗಿದ ವೈವ್ಯಾಕ್ಸ್ ದೊಡ್ಡ ತಲೆನೋವಾಗುತ್ತದೆ. ಆಗ ಅವಸರದಲ್ಲಿ ಒಂದೇ ಡೋಸಿನ ಮಾತ್ರೆ ತಂದು, ಪರೀಕ್ಷೆಯನ್ನು ಆಮೇಲೆ ನೋಡೋಣ ಅಂದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಒಂದು ಹಾಡಿಯಲ್ಲೋ ಕಾರ್ಮಿಕರ ಶೆಡ್ಡಿನಲ್ಲೋ ಒಬ್ಬರು ಮಾತ್ರೆ ತಗೊಂಡು ಆಸ್ಪತ್ರೆ ಸೇರಿದರೆ ಸಾಕು, ಮುಂದಿನ ಸಲ ಅಲ್ಲಿ ಜ್ವರ ಬಂದವರು ರಕ್ತ ತೆಗೆಯಲೂ ಬಿಡಲ್ಲ.

ಪರೀಕ್ಷೆಯನ್ನು ಮೊದಲು ತಂದರೆ ಟಾಫೆನೋಕ್ವಿನ್ ಬಂದರೂ ಬರದಿದ್ದರೂ ಲಾಭವೇ. ಈಗ ಎಷ್ಟೋ ಕಡೆ ಕಿಣ್ವ ನೋಡದೆ ಕೊಡುತ್ತಿರುವ ಪ್ರೈಮಾಕ್ವಿನ್ ಸುರಕ್ಷಿತವಾಗುತ್ತದೆ, 7 ದಿನದ ಚಿಕಿತ್ಸೆಗೆ ದಾರಿಯಾಗುತ್ತದೆ, ಅದೇ ಯಂತ್ರ ಡ್ಯಾಪ್ಸೋನ್ ಕೊಡುವ ಮುಂಚೆಯೂ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಸಿಲಿಗೆ ಕೆಡದ ಹಾಗೆ ಕಿಟ್ ಇಡುವ ಜಾಗ ಬೇಕು, ಅಂಕಿಯನ್ನು ಓದಿ ತೀರ್ಮಾನ ಮಾಡಬಲ್ಲ ತರಬೇತಿ ಬೇಕು, ಒಮ್ಮೆ ಬಂದ ಫಲಿತಾಂಶ ರೋಗಿಯ ಕೈಯಲ್ಲೇ ಒಂದು ಕಾರ್ಡಿನಲ್ಲಿ ಇರಬೇಕು.

ಪರೀಕ್ಷೆ ಬಂದ ಮೇಲೂ ಕೆಲವರು ಈ ಮಾತ್ರೆಯ ಹೊರಗೇ ಉಳಿಯುತ್ತಾರೆ. ಹೊಟ್ಟೆಯಲ್ಲಿರುವ ಮಗುವಿನ ಕಿಣ್ವ ಅಳೆಯಲು ಬರುವುದಿಲ್ಲ, ಹಾಗಾಗಿ ಗರ್ಭಿಣಿಯರಿಗೆ ಎರಡೂ ಔಷಧಿ ಇಲ್ಲ. ಟಾಫೆನೋಕ್ವಿನ್ 2 ವರ್ಷದೊಳಗಿನ ಮಕ್ಕಳಿಗೂ ಇಲ್ಲ. ಕೊರತೆ ಇದೆ ಎಂದು ಗೊತ್ತಾದವರಿಗೆ ವಾರಕ್ಕೊಮ್ಮೆ ಪ್ರೈಮಾಕ್ವಿನ್, ಹೀಗೆ 8 ವಾರ, ವೈದ್ಯರ ನಿಗಾದಲ್ಲಿ ಕೊಡಬೇಕು. ಅವರ ಪಾಲಿಗೆ ಚಿಕಿತ್ಸೆ ಇನ್ನೂ ಉದ್ದವಾಯಿತು, ಮತ್ತು ಆ 8 ವಾರ ಅವರ ಮೂತ್ರದ ಬಣ್ಣ, ಹಿಮೋಗ್ಲೋಬಿನ್ ನೋಡುತ್ತಾ ಬೆನ್ನಿಗೆ ನಿಲ್ಲುವವರು ಯಾರು ಎಂಬುದನ್ನು ಯಂತ್ರ ಕೊಳ್ಳುವ ದಿನವೇ ತೀರ್ಮಾನಿಸಬೇಕಾಗುತ್ತದೆ.